ಮೀಸಲು ಮರ

“ನಿಲ್ಲೋಕೇ ನೆಲ ಇಲ್ಲ ಅಂದ್ರೆ ಹತ್ತೋದು ಎಲ್ಲಿಂದ?”

ಇಂಪನಾ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಲ್ಯಾಪ್‌ಟಾಪ್ ಒಂದೇ. ಅದರ ಮೇಲೆ ಬೆಳಗಿನಿಂದ ಅದೇ ಕೆಂಪು ಸಾಲು ಬರುತ್ತಿತ್ತು. ಕೊಟ್ಟಿರುವ ಆರಂಭದ ಅಂದಾಜುಗಳಿಂದ ಲೆಕ್ಕ ಹಾಕಲು ಸಾಧ್ಯವಿಲ್ಲ, ಉತ್ತರ ಅನಂತಕ್ಕೆ ಹೋಗುತ್ತಿದೆ ಎಂಬುದು ಅದರ ತಾತ್ಪರ್ಯ.

ತುಮಕೂರಿನ ಅಂತರಸನಹಳ್ಳಿಯಲ್ಲಿ ಅವಳು ಕೆಲಸ ಮಾಡುವ ಕಾರ್ಖಾನೆ ದೊಡ್ಡದೇನಲ್ಲ. ತೆಂಗಿನ ಮರ ಹತ್ತುವ ಮೆಷಿನ್ ಮಾಡುತ್ತಾರೆ. ಎರಡು ಕಾಲಿಗೆ ಎರಡು ಕಬ್ಬಿಣದ ಮೆಟ್ಟು, ಒಂದೊಂದರಿಂದಲೂ ಹೊರಟು ಮರವನ್ನು ಬಳಸಿ ಬರುವ ಒಂದೊಂದು ಉಕ್ಕಿನ ಕೇಬಲ್. ಹತ್ತುವವರ ಜೀವ ಆ ಕೇಬಲ್ಲಿನ ಮೇಲಿರುತ್ತದೆ. ಅದರ ತುದಿಯನ್ನು ಮಡಚಿ, ಅಲ್ಯೂಮಿನಿಯಂ ಬಳೆಯೊಂದರೊಳಗೆ ತೂರಿಸಿ, ಪ್ರೆಸ್ಸಿನಲ್ಲಿ ಒತ್ತಿದರೆ ಕುಣಿಕೆ ಸಿದ್ಧ. ಪ್ರೆಸ್ಸು ಇದ್ದದ್ದು ಇಂಪನಾಳ ಕೋಣೆಯ ಕೆಳಗೇ. ಧಡ್, ಧಡ್, ಧಡ್, ನಡುವೆ ಎಲ್ಲೋ ಒಮ್ಮೆ ಮೆತ್ತಗೆ ಧಪ್. ತನ್ನೂರು ಕೋರದ ಮನೆಯ ಜಗಲಿಯಲ್ಲಿ ಅಪ್ಪ ಲಕ್ಷ್ಮೀನರಸಿಂಹಯ್ಯ ಸಂಜೆಹೊತ್ತು ಷಟ್ಪದಿ ಓದುವುದನ್ನು ಕೇಳುತ್ತಲೇ ಬೆಳೆದವಳು ಅವಳು. ಮಾತ್ರೆ ಒಂದು ಕಮ್ಮಿಯಾದರೂ ಕಿವಿಗೆ ಇರುಸುಮುರುಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಧಪ್ ಅವಳನ್ನು ಕಾಡಿತ್ತು. ಆಮೇಲೆ ಅಭ್ಯಾಸವಾಗಿ ಹೋಯಿತು.

ಗುಬ್ಬಿ ಮತ್ತು ಕುಣಿಗಲ್ ಕಡೆಯ ಮರ ಹತ್ತುವವರಿಗೆ ಪರೀಕ್ಷೆಗೆಂದು ಕೇಬಲ್ ಕೊಟ್ಟಿದ್ದರು. ಒಂದೊಂದು ಕೇಬಲ್ ಎಷ್ಟು ಮರ ಹತ್ತಿದ ಮೇಲೆ ಹಾಳಾಯಿತು ಎಂಬ ಸಂಖ್ಯೆಗಳು ಈಗ ಅವಳ ಮುಂದಿದ್ದವು. ಅವುಗಳಿಗೆ ಒಂದು ರೇಖೆ ಹೊಂದಿಸಿ, ಕೇಬಲ್ಲಿನ ಸರಾಸರಿ ಆಯಸ್ಸು ಹೇಳುವುದು ಅವಳ ಕೆಲಸ. ಸವೆದು ಹಾಳಾಗುವ ವಸ್ತುಗಳಿಗೆ ಸಾಮಾನ್ಯವಾಗಿ ಒಪ್ಪುವ ವೈಬುಲ್ ಎಂಬ ರೇಖೆಯನ್ನೇ ಆರಿಸಿಕೊಂಡಿದ್ದಳು. ಅದರ ಆಕಾರವನ್ನು ಎರಡು ಸಂಖ್ಯೆಗಳು ನಿರ್ಧರಿಸುತ್ತವೆ. ಆ ಎರಡನ್ನು ಕಂಪ್ಯೂಟರ್ ತಡಕಾಡಿ ಹುಡುಕಬೇಕು. ಅದು ಹುಡುಕಲು ಹೊರಡಲೇ ಇಲ್ಲ.

“ಏನಂತೆ ಮೇಡಂ ಅದ್ರ ಗೋಳು?” ಎಂದು ರವೀಶ ಒಳಗೆ ಬಂದ. ಹಳ್ಳಿಯವರಿಗೆ ಫೋನು ಮಾಡಿ ಸಂಖ್ಯೆಗಳನ್ನು ತುಂಬಿದವನು ಅವನೇ. ತುಮಕೂರು ಪೇಟೆಯಲ್ಲೇ ಹುಟ್ಟಿ ಬೆಳೆದವನು.

“ಮಂಜು ಬಿದ್ದಾಗ ದೇವರಾಯನದುರ್ಗ ಹತ್ತಿದೀರಾ?”

“ಹತ್ತಿದೀನಿ. ಬೈಕಲ್ಲಿ.”

“ನಡ್ಕೊಂಡು ಹತ್ತಿದ್ದೀರಿ ಅಂದ್ಕೊಳ್ಳಿ. ಏನೂ ಕಾಣಲ್ಲ. ಯಾವ ಕಡೆ ಏರು ಅಂತ ಕಾಲಲ್ಲೇ ತಡವಿ ತಡವಿ ಹೆಜ್ಜೆ ಇಡ್ಬೇಕು. ಏರು ಮುಗಿದ್ರೆ ತುದಿ ಬಂತು ಅಂತ ಅರ್ಥ. ಇದೂ ಹಾಗೇ ಹುಡುಕೋದು. ಆದ್ರೆ ಈಗ ನಿಂತಿರೋ ಜಾಗದಲ್ಲೇ ನೆಲ ಇಲ್ಲ ಅಂತಿದೆ.”

“ಒಂದು ನಿಂಬೆಹಣ್ಣು ಇಳಿ ತೆಗೀರಿ, ಸರಿಹೋಗ್ತದೆ. ಸಂಜೆಗೆ ರಿಪೋರ್ಟ್ ಕೊಡ್ದಿದ್ರೆ ಸರ್ ನಮ್ಮಿಬ್ರಿಗೂ ಇಳಿ ತೆಗೀತಾರೆ.”

ಅದು ತಮಾಷೆಯಾದರೂ ಸುಳ್ಳಲ್ಲ. ಕುಣಿಗಲ್ಲಿನ ಮಹಿಳಾ ಸಂಘದಿಂದ ದೊಡ್ಡ ಆರ್ಡರ್ ಬಂದಿತ್ತು. ತರಬೇತಿ ಮುಗಿಸಿದ ಹೆಂಗಸರು ಹೊಸ ಮೆಷಿನ್‌ಗಳಿಗಾಗಿ ಕಾಯುತ್ತಿದ್ದರು. ಕೇಬಲ್ಲಿನ ಆಯಸ್ಸಿನ ರಿಪೋರ್ಟ್ ಸಂಜೆ ಸಂಘಕ್ಕೆ ಮೇಲ್ ಆಗಬೇಕು, ಬೆಳಗ್ಗೆ ಲೋಡ್ ಹೊರಡಬೇಕು, ನಾಳೆಯೇ ಅವರು ಮರ ಹತ್ತಬೇಕು. ಕಾರ್ಖಾನೆಯ ಮಾಲೀಕ ಭೀಮರಾಜ್ ಬೆಳಗಿನಿಂದ ಎರಡು ಸಲ ಬಂದು ಇಣುಕಿ ಹೋಗಿದ್ದರು.

ಇಂಪನಾ ಆರಂಭದ ಅಂದಾಜುಗಳನ್ನು ಬದಲಿಸಿ ನೋಡಿದಳು. ಸಂಖ್ಯೆಗಳು ತೀರ ದೊಡ್ಡವಾದವೇನೋ ಎಂದು ಎಲ್ಲವನ್ನೂ ನೂರರಿಂದ ಭಾಗಿಸಿ ನೋಡಿದಳು. ಹುಡುಕುವ ವಿಧಾನ ಬದಲಿಸಿದಳು, ಸೊನ್ನೆಗಿಂತ ಕೆಳಗೆ ಇಳಿಯದಂತೆ ಬೇಲಿ ಹಾಕಿದಳು. ಕೆಂಪು ಸಾಲು ಕದಲಲಿಲ್ಲ. ಕೊನೆಗೆ ಎರಡು ತಾಲ್ಲೂಕುಗಳನ್ನು ಬೇರೆ ಬೇರೆ ಮಾಡಿದಳು. ಕುಣಿಗಲ್ಲಿನದು ಒಂದೇ ಏಟಿಗೆ ಕೂತಿತು. ಗುಬ್ಬಿಯದು ತಕರಾರು ಮಾಡಿತು. ಗುಬ್ಬಿಯ ಸಂಖ್ಯೆಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿದಾಗ ಕಾರಣ ಪಟ್ಟಿಯ ತಲೆಯಲ್ಲೇ ಕೂತಿತ್ತು. ಮೇಲುಗಡೆ ನಾಲ್ಕು ಸೊನ್ನೆ.

ಈ ಲೆಕ್ಕದಲ್ಲಿ ಪ್ರತಿ ಆಯಸ್ಸಿಗೂ ಲಾಗರಿದಮ್ ತೆಗೆಯಬೇಕು. ಸೊನ್ನೆಗೆ ಲಾಗರಿದಮ್ ಇಲ್ಲ, ಹುಡುಕುತ್ತಾ ಹೋದರೆ ಪಾತಾಳವೇ. ಇಂಟರ್ನೆಟ್ಟಿನಲ್ಲಿ ಇದೇ ತೊಂದರೆಗೆ ಸಿಕ್ಕಿಬಿದ್ದವರು ಬೇಕಾದಷ್ಟು ಜನರಿದ್ದರು. ಅವರಿಗೆಲ್ಲ ಸಿಕ್ಕಿದ್ದ ಉತ್ತರವೂ ಹೆಚ್ಚುಕಮ್ಮಿ ಒಂದೇ. ಸೊನ್ನೆಗಳನ್ನು ತೆಗೆದುಹಾಕಿ, ಇಲ್ಲವೇ ಎಲ್ಲಕ್ಕೂ ಚೂರು ಸೇರಿಸಿ.

ತೆಗೆದು ನೋಡಿದಳು. ಪದ್ಯದ ಕೊನೆಯ ಪಾದ ಸರಿಯಾಗಿ ಬಂದು ಕೂತ ಹಾಗೆ ರೇಖೆ ಬಂದು ಕೂತಿತು. ಅವಳಿಗೆ ಸಂತೋಷವಾಗಬೇಕಿತ್ತು.

“ರವೀಶ್, ಉಪಯೋಗಿಸದೆ ಇರೋ ಕೇಬಲ್‌ಗಳ ಜಾಗ ಖಾಲಿ ಬಿಟ್ಟಿದೀರಲ್ಲ. ಇದಕ್ಯಾಕೆ ಸೊನ್ನೆ?”

“ಅವ್ರು ಹೇಳಿದ್ದೇ ಹಂಗೆ. ಎಷ್ಟು ಮರ ಆಯ್ತು ಅಂದೆ. ಒಂದೂ ಆಗ್ಲಿಲ್ಲ, ಹೊಸ ಕೇಬಲ್ ಕಳ್ಸಿ ಅಂದ್ರು. ಕಳ್ಸ್ದೆ.”

“ಯಾಕಾಗ್ಲಿಲ್ಲ ಅಂತ ಕೇಳ್ಲಿಲ್ವಾ?”

“ದನ ಕಟ್ಟಾಕೋಕೆ ಬಳ್ಸ್ಕೊಂಡಿರ್ತಾರೆ ಅಂದ್ಕೊಂಡೆ. ಒಳ್ಳೆ ಕೇಬಲ್ಲಲ್ವಾ.”

ನಾಲ್ಕೂ ಒಂದೇ ಊರಿನವು. ಇಂಪನಾ ಸ್ಕೂಟರಿನ ಬೀಗದಕೈ ತೆಗೆದುಕೊಂಡಳು.

*

ಗುಬ್ಬಿ ದಾಟಿ ಒಳದಾರಿಯಲ್ಲಿ ಹೋದರೆ ಆ ಊರು. ಜುಂಜಪ್ಪ ಆ ಕಡೆಗೆಲ್ಲ ಹಿರಿಯ ಮರ ಹತ್ತುವವನು, ಉಳಿದವರ ಲೆಕ್ಕವನ್ನೂ ಅವನೇ ಹೇಳುತ್ತಿದ್ದ. ಜಗಲಿಯ ಮೇಲೆ ಕೂತು ಕತ್ತಿ ಮಸೆಯುತ್ತಿದ್ದವನು ಇವರನ್ನು ಕಂಡು ಎದ್ದ. ಹೆಂಡತಿ ಮಹಾಲಕ್ಷ್ಮಮ್ಮ ಕೇಳುವ ಮೊದಲೇ ಎಳನೀರು ಕೆತ್ತಿ ತಂದಳು.

“ಹೆಂಗುಸ್ರ ಹಿಂದ್ಗಡೆ ಕೂತ್ಕಂಡ್ ಬಂದಿದೀಯಲ್ಲಾ,” ಎಂದು ಜುಂಜಪ್ಪ ರವೀಶನನ್ನು ಛೇಡಿಸಿದ.

“ನನ್ ಬೈಕು ರಿಪೇರಿ ಕಣಣ್ಣ.”

“ನಿಂದು ಯಾವತ್ತು ಸರಿಯಾಗಿತ್ತು ಬುಡು.”

ಇಂಪನಾ ನಕ್ಕು, ಎಳನೀರು ಮುಗಿಸಿ, ಬಂದ ವಿಷಯಕ್ಕೆ ಬಂದಳು. “ಅಣ್ಣಾ, ನಾಲ್ಕು ಕೇಬಲ್‌ಗೆ ಒಂದು ಮರಾನೂ ಆಗ್ಲಿಲ್ಲ ಅಂತ ಹೇಳಿದೀರಂತೆ. ಅವನ್ನ ಹಾಕ್ಕೊಂಡು ಹತ್ತಲೇ ಇಲ್ವಾ?”

“ಹತ್ದೆ ಏನವ್ವ, ಹತ್ತಿದ್ರು.”

“ಹತ್ತಿದ್ರೆ ಒಂದು ಮರ ಆದ್ರೂ ಆಗ್ಬೇಕಲ್ಲ.”

“ಅದು ಮೀಸ್ಲು ಮರ ಕಣವ್ವ. ಲೆಕ್ಕುಕ್ಕೆ ಬರಲ್ಲ.”

“ಮೀಸ್ಲು ಅಂದ್ರೆ?” ಎಂದ ರವೀಶ.

“ಏನ್ಲಾ ನೀನು, ಇಷ್ಟು ವರ್ಸ ಅನ್ನ ತಿಂದಿದೀಯ, ಮೀಸ್ಲು ಗೊತ್ತಿಲ್ವಾ?” ಜುಂಜಪ್ಪ ಕತ್ತಿ ಕೆಳಗಿಟ್ಟ. “ಹೊಸ ಹಗ್ಗ ಹಾಕ್ಕಂಡು ಹತ್ತೋ ಮೊದ್ಲ ಮರ ಊರಮ್ಮಂದು. ಕಾಯೆಲ್ಲ ಗುಡಿಗೋಯ್ತದೆ. ಅದುಕ್ಕೆ ಕೂಲಿ ಇಲ್ಲ, ಎಣಿಕೆ ಇಲ್ಲ. ನಮ್ ತಾತನ ಕಾಲ್ದಾಗೆ ನಾರಿನ ಹಗ್ಗ ಇತ್ತು, ಈಗ ನಿಮ್ ಕೇಬಲ್ ಐತೆ. ಮೀಸ್ಲು ಮೀಸ್ಲೇ. ಅದುರ್ ಮುಂದ್ಲ ಮರದಿಂದ ಒಂದು.”

ಮೀಸಲು ಇಂಪನಾಳಿಗೆ ಹೊಸದಲ್ಲ. ಕೋರದ ಮನೆಯಲ್ಲೂ ಕಣದ ಮೊದಲ ಮೊರ ರಾಗಿ ದೇವರ ಮುಂದೆ ಇಳಿಯುತ್ತದೆ, ಅದನ್ನು ಯಾರೂ ಅಳೆಯುವುದಿಲ್ಲ. ಅವಳು ಚಿಕ್ಕಂದಿನಿಂದ ಅದಕ್ಕೆ ಕೈಮುಗಿಯುತ್ತ ಬಂದವಳು. ಅದಕ್ಕೇ ಇರಬೇಕು, ಅರ್ಥ ಬೇಗ ಹೊಳೆಯಿತು.

“ಹಾಗಾದ್ರೆ ಒಂದೂ ಆಗ್ಲಿಲ್ಲ ಅಂದ್ರೆ...”

“ಮೀಸ್ಲು ಮರದಾಗೇ ಕಿತ್ಕಂತು ಅಂತ.”

ಮೋಡ ಮುಚ್ಚಿದೆ ಎಂದು ಹೇಳುವ ಹಾಗೆ ಹೇಳಿದ. ರವೀಶನ ಕೈಯಲ್ಲಿದ್ದ ಎಳನೀರು ಅರ್ಧಕ್ಕೇ ನಿಂತಿತು.

“ಹತ್ತಿದ್ದೋರು?” ಎಂದಳು ಇಂಪನಾ.

ಮಹಾಲಕ್ಷ್ಮಮ್ಮ ಗದ್ದ ಎತ್ತಿ ನಡುಮನೆಯ ಕಡೆ ತೋರಿಸಿದಳು. ಅಲ್ಲಿ ಚಾಪೆಯ ಮೇಲೆ ಜುಂಜಪ್ಪನ ತಮ್ಮ ಶಿವಮೂರ್ತಿ ಅಂಗಾತ ಮಲಗಿದ್ದ. ಸೊಂಟಕ್ಕೆ ಅಗಲವಾದ ಪಟ್ಟಿ. ಇವರು ಬಂದಾಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ, ನೋಡಿದ ಕೂಡಲೇ ನಾಚಿಕೊಂಡಂತೆ ನಕ್ಕ.

“ನಂದೇ ತೆಪ್ಪು ಅಕ್ಕ,” ಎಂದ. “ಅವತ್ತು ತಲೆಗೆ ನೀರು ಹಾಕ್ಕಂಡಿರ್ಲಿಲ್ಲ. ಹಂಗೇ ಹತ್ತಿಬುಟ್ಟೆ.”

“ಮಿಕ್ಕಿದೋರು?”

“ಅವ್ರು ಬಚಾವು,” ಎಂದ ಜುಂಜಪ್ಪ. “ಇನ್ನೂ ಒಂದಾಳು ಎತ್ರಾನೂ ಹೋಗಿರ್ಲಿಲ್ಲ. ಒಬ್ಬುಂಗೆ ಕಾಲು ಉಳುಕ್ತು, ಒಬ್ಬುಂಗೆ ಎದೆ ತರ್ಚ್ತು, ಇನ್ನೊಬ್ಬುಂಗೆ ಏನೂ ಆಗ್ಲಿಲ್ಲ. ಇವ್ನು ಗೊನೆ ತಂಕ ಹೋಗಿದ್ದ.”

“ಫೋನ್ ಮಾಡಿದಾಗ ನಂಗ್ಯಾಕೆ ಹೇಳ್ಲಿಲ್ಲ ಅಣ್ಣ?” ರವೀಶನ ದನಿ ಸಣ್ಣಗಾಗಿತ್ತು.

“ಏನಂತ ಹೇಳಾನ್ಲಾ? ಮೀಸ್ಲು ಮರದಾಗೆ ಬಿದ್ರೆ ಅದು ಅಮ್ಮನ ಮುನಿಸು. ನಮ್ ಕಡೀಂದ ಏನೋ ಮೈಲಿಗೆ ಆಗಿರ್ತದೆ. ಅದುನ್ನ ತಗಂಡೋಗಿ ನಿಮ್ ಮೆಷಿನ್ ಮ್ಯಾಲೆ ಹೊರ್ಸಾಕಾಯ್ತದಾ? ನೀನು ಎಷ್ಟು ಮರ ಆಯ್ತು ಅಂತ ಕೇಳ್ದೆ. ಒಂದೂ ಆಗ್ಲಿಲ್ಲ ಅಂದೆ. ಕಿತ್ತೋಗಿರಾ ಕೇಬಲ್ಲ ಅಮ್ಮನ ಪಾದುಕ್ಕೆ ಹಾಕಿ ತೆಪ್ಪೊಪ್ಪಿಗೆ ಮಾಡ್ಕಂಡ್ವಿ.”

ಗುಡಿ ಮನೆಯ ಎದುರಿಗೇ ಇತ್ತು. ಇಂಪನಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕರಿಕಲ್ಲಿನ ಅಮ್ಮನ ಪಕ್ಕದಲ್ಲಿ ತ್ರಿಶೂಲ, ತ್ರಿಶೂಲಕ್ಕೆ ತೂಗುಹಾಕಿದ ನಾಲ್ಕು ಕೇಬಲ್. ಕುಂಕುಮ ಹಚ್ಚಿದ್ದರು. ಅವಳು ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಸವೆದ ಕೇಬಲ್ ಹೇಗಿರುತ್ತದೆಂದು ಅವಳಿಗೆ ಗೊತ್ತು. ಒಂದೊಂದೇ ಎಳೆ ಬಿಚ್ಚಿ ಮುಳ್ಳಿನ ಹಾಗೆ ಎದ್ದಿರುತ್ತದೆ, ಹತ್ತುವವರು ದಿನಗಟ್ಟಲೆ ಮೊದಲೇ ಕಂಡು ಬದಲಿಸಿಬಿಡುತ್ತಾರೆ, ಯಾರೂ ಬೀಳುವುದಿಲ್ಲ. ಇವುಗಳಲ್ಲಿ ಒಂದು ಎಳೆಯೂ ಎದ್ದಿರಲಿಲ್ಲ. ಹೊಸ ಹೊಳಪು ಹಾಗೇ ಇತ್ತು. ತುದಿ ಮಾತ್ರ ಬಳೆಯೊಳಗಿಂದ ನುಣ್ಣಗೆ ಜಾರಿ ಹೊರಬಂದಿತ್ತು. ನಾಲ್ಕಕ್ಕೆ ನಾಲ್ಕೂ ಹಾಗೇ. ಬಳೆ ಗಟ್ಟಿಯಾಗಿ ಕಚ್ಚಿರಲೇ ಇಲ್ಲ.

ಧಪ್.

ಕಾರ್ಖಾನೆ ಅಲ್ಲಿಂದ ಎಷ್ಟೋ ದೂರ. ಆದರೂ ಅವಳ ಕಿವಿಯಲ್ಲಿ ಅದೇ ಬಿತ್ತು. ಪ್ರೆಸ್ಸಿನ ಆ ಮೆತ್ತಗಿನ ಪೆಟ್ಟು. ತಿಂಗಳುಗಟ್ಟಲೆ ಕೇಳಿದ್ದಳು. ಕೇಳಿ, ಅಭ್ಯಾಸ ಮಾಡಿಕೊಂಡಿದ್ದಳು. ಮುಗಿದ ಕೈ ಮುಗಿದ ಹಾಗೇ ಇತ್ತು. ಅಮ್ಮನಲ್ಲಿ ಏನು ಕೇಳಿಕೊಳ್ಳಬೇಕೋ ತಿಳಿಯಲಿಲ್ಲ.

ಹೊರಗೆ ಬಂದು ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಳು.

“ಕುಣಿಗಲ್ ಕಡೆಯೋರೂ ಮೀಸಲು ಮರ ಬಿಡ್ತಾರಾ ಅಣ್ಣ?”

“ಆ ಟ್ರೈನಿಂಗ್ ಹೆಣ್ಮಕ್ಳಾ? ಅವ್ರಿಗೆಲ್ಲಿ ಮೀಸ್ಲು. ಮೊದ್ಲ ಮರಾನೇ ಒಂದು ಅಂತಾರೆ.”

ಒಂದೇ ಏಟಿಗೆ ಕೂತಿದ್ದ ಕುಣಿಗಲ್ಲಿನ ಸಂಖ್ಯೆಗಳನ್ನು ಜೋಡಿಸಿದಳು. ಮೇಲುಗಡೆ ಒಂದು, ಅದರ ಕೆಳಗೆ ಇನ್ನೊಂದು ಒಂದು, ಅದರ ಕೆಳಗೆ ಮತ್ತೊಂದು. ಅದಾದ ಮೇಲೆ ಸಂಖ್ಯೆ ಒಮ್ಮೆಗೇ ನೂರುಗಳಿಗೆ ನೆಗೆದಿತ್ತು. ಒಂದಕ್ಕೆ ಲಾಗರಿದಮ್ ಉಂಟು. ಲೆಕ್ಕ ಅದನ್ನು ಸದ್ದಿಲ್ಲದೆ ನುಂಗಿಕೊಂಡಿತ್ತು. ಬೆಳಗಿನಿಂದ ಅವಳು ಸರಿಯಿಲ್ಲ ಎಂದು ಬಯ್ದುಕೊಂಡದ್ದು ಗುಬ್ಬಿಯನ್ನು. ಕುಣಿಗಲ್ಲನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಕುಣಿಗಲ್ಲಿನಲ್ಲಿ ತರಬೇತಿ ಕೊಡುವ ಶಾಂತಲಾಗೆ ಫೋನು ಮಾಡಿದಳು.

“ಒಂದಾ? ಅದ್ರಲ್ಲಿ ಒಂದು ನಮ್ ಸುಧಾದು ಮೇಡಂ,” ಎಂದಳು ಶಾಂತಲಾ. “ಮೊದಲನೇ ಮರದಲ್ಲೇ ಜಾರಿ ಬಿದ್ಲು. ಕೈ ಮುರೀತು ಪಾಪ. ಹೊಸಬಳಲ್ವಾ, ಲಾಕ್ ಸರಿಯಾಗಿ ಹಾಕಿರ್ಲಿಲ್ಲ ಅನ್ಸತ್ತೆ. ನಾನೇ ಎಲ್ಲರ ಮುಂದೆ ಬೈದ್ಬಿಟ್ಟೆ. ಇನ್ನಿಬ್ರೂ ಹಂಗೇ, ಗಮನ ಇರಲ್ಲ ಇವಕ್ಕೆ. ಯಾಕೆ ಮೇಡಂ?”

ಇಂಪನಾ ಹೇಳಿದಳು. ಆ ಕಡೆಯಿಂದ ಯಾರೋ ಹೆಂಗಸರು ಹಿಂದೆ ನಗುತ್ತಿದ್ದದ್ದು ಕೇಳಿಸುತ್ತಿತ್ತು.

“ಸುಧಾ ಇಲ್ಲೇ ಇದಾಳೆ ಮೇಡಂ. ಪ್ಲಾಸ್ಟರ್ ಬಿಚ್ಚಿದಾರೆ. ನಾಳೆ ಎಲ್ರಿಗಿಂತ ಮುಂಚೆ ನಾನೇ ಹತ್ತಿ ತೋರಿಸ್ತೀನಿ ಅಂತ ಹಟ ಹಿಡಿದು ಕೂತಿದಾಳೆ. ಈಗ ನಾನೇನ್ ಮಾಡ್ಲಿ? ಸಂಘದೋರು ನನ್ ಮಾತು ಕೇಳಲ್ಲ. ರಿಪೋರ್ಟ್ ಬಂದ್ರೆ ಹತ್ತಿ ಅಂತಾರೆ, ಬರ್ದಿದ್ರೆ ಲೋಡ್ ಇಳಿಸ್ಕೊಳ್ಳೋದೇ ಇಲ್ಲ. ಅಷ್ಟೇ ಇರೋದು.”

*

ಸಂಜೆ ಇಂಪನಾಳ ಕೋಣೆಯಲ್ಲಿ ಭೀಮರಾಜ್ ಎಲ್ಲವನ್ನೂ ನಿಂತೇ ಕೇಳಿದರು. ಶಿವಮೂರ್ತಿಯ ಸೊಂಟದ ಪಟ್ಟಿಯ ಮಾತು ಬಂದಾಗ ಕುರ್ಚಿ ಎಳೆದುಕೊಂಡು ಕೂತರು. ಮೇಜಿನ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದರು, ಕುಡಿಯಲಿಲ್ಲ, ಹಾಗೇ ಮುಚ್ಚಿದರು.

“ನಂಗೆ ಯಾರೂ ಹೇಳ್ಲಿಲ್ವಲ್ಲಮ್ಮ,” ಎಂದರು. “ಒಬ್ರಾದ್ರೂ ಬಂದು ನನ್ ಕೊರಳಪಟ್ಟಿ ಹಿಡೀಬೇಕಿತ್ತಲ್ಲ.”

“ಅವರು ತಮ್ಮ ಕೊರಳಪಟ್ಟೀನ ತಾವೇ ಹಿಡ್ಕೊಂಡಿದಾರೆ ಸರ್.”

ರವೀಶ ಬಾಗಿಲ ಹತ್ತಿರ ನೆಲ ನೋಡುತ್ತ ನಿಂತಿದ್ದ. ಕೆಳಗೆ ಪ್ರೆಸ್ಸು ನಡೆಯುತ್ತಲೇ ಇತ್ತು. ಇಂಪನಾ ಬೆರಳೆತ್ತಿದಳು. ಮೂವರೂ ಸುಮ್ಮನಾದರು. ಧಡ್, ಧಡ್, ಧಡ್, ಧಡ್. ಧಪ್.

“ಅದು,” ಎಂದಳು.

ಭೀಮರಾಜ್ ಮುಖದ ಬಣ್ಣ ಹೋಯಿತು. “ಕಂಪ್ರೆಸರ್ ಒಂದೇ ಅಲ್ವಾ. ಪಕ್ಕದಲ್ಲಿ ಪೇಂಟ್ ಹೊಡ್ಯೋವಾಗ ಪ್ರೆಸ್ಸಿಗೆ ಗಾಳಿಯ ಒತ್ತಡ ಕಮ್ಮಿಯಾಗುತ್ತೆ. ಒಂದೊಂದು ಮೆತ್ತಗೆ ಬೀಳುತ್ತೆ ಅಂತ ಗೊತ್ತಿತ್ತು. ಮೆತ್ತಗೆ ಬಿದ್ರೂ ಕೂತ್ಕೊಳ್ಳುತ್ತೆ ಅಂದ್ಕೊಂಡಿದ್ದೆ.” ಎರಡೂ ಕೈಯಿಂದ ಮುಖ ಒರೆಸಿಕೊಂಡರು. “ಶಿವಮೂರ್ತಿ ಆಸ್ಪತ್ರೆ ಎಲ್ಲ ನಂದು. ಇವತ್ತೇ ಹೋಗ್ತೀನಿ. ಆ ಹುಡುಗಿ ಸುಧಾದೂ ನಂದೇ.”

ಅದು ಬಾಯಿಮಾತಾಗಿರಲಿಲ್ಲ. ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಎದ್ದು ಕಿಟಕಿಯ ಬಳಿ ಹೋದರು. ಅಂಗಳದಲ್ಲಿ ಲಾರಿ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು, ರಟ್ಟಿನ ಡಬ್ಬಗಳು ಒಂದರ ಮೇಲೊಂದು.

“ಇಂಪನಾ ಅವ್ರೆ, ಒಂದು ಮಾತು,” ಎಂದರು ತಿರುಗದೆ. “ಗುಬ್ಬಿಯೋರು ಮೀಸಲು ಮರ ಬಿಟ್ಟು ಎಣ್ಸಿದಾರೆ. ಅಂದ್ರೆ ಅವರ ಪ್ರತಿ ಸಂಖ್ಯೆಗೂ ಒಂದು ಸೇರಿಸ್ಬೇಕು. ಅದು ನ್ಯಾಯ ತಾನೆ?”

“ನ್ಯಾಯವೇ.”

“ಸೇರಿಸಿ ನೋಡಿ.”

ಸೇರಿಸಿದಳು. ಸೊನ್ನೆಗಳೆಲ್ಲ ಒಂದಾದವು. ಕೆಂಪು ಸಾಲು ಬರಲಿಲ್ಲ. ಎರಡು ತಾಲ್ಲೂಕೂ ಸೇರಿ ಲೆಕ್ಕ ಓಡಿತು, ರೇಖೆ ಬಂತು, ಸರಾಸರಿ ಬಂತು. ಸಂಘದವರು ಕೇಳಿದ್ದಕ್ಕಿಂತ ಚೆನ್ನಾಗಿಯೇ ಇತ್ತು. ಏಳು ಜನ ಬಿದ್ದದ್ದು ಆ ಸರಾಸರಿಯೊಳಗೆ ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗುವ ಹಾಗಿರಲಿಲ್ಲ. ಇಂಪನಾ ಪರದೆಯನ್ನು ನೋಡುತ್ತ ಕೂತಳು. ಒಂದು ಸಂಖ್ಯೆಯೂ ಸುಳ್ಳಲ್ಲ. ಬೆಳಗಿನಿಂದ ತಪ್ಪು ತಪ್ಪು ಎಂದು ಕೂಗಿಕೊಳ್ಳುತ್ತಿದ್ದ ಲೆಕ್ಕ ಈಗ ತೆಪ್ಪಗಾಗಿತ್ತು. ಅವಳಿಗೆ ಮೈ ತಣ್ಣಗಾದದ್ದು ಗುಡಿಯಲ್ಲಲ್ಲ, ಈಗ.

“ಬಂತಲ್ಲ,” ಎಂದರು ಭೀಮರಾಜ್. ಹತ್ತಿರ ಬಂದು ಮೇಜಿಗೆ ಕೈಯೂರಿದರು. “ಒಂದೂ ಬದಲಾಯಿಸಿಲ್ಲ, ಒಂದೂ ಬಚ್ಚಿಟ್ಟಿಲ್ಲ. ಅವರು ಕೇಳಿರೋದು ಸರಾಸರಿ. ಇದನ್ನ ಕಳಿಸ್ಬಿಡಿ. ಲೋಡ್ ಹೋಗ್ಲಿ. ನಾನೇ ಬೆಳಗ್ಗೆ ಕುಣಿಗಲ್ಲಿಗೆ ಹೋಗಿ ಒಂದೊಂದು ಕೇಬಲ್ಲನ್ನೂ ಕೈಯಲ್ಲಿ ಎಳೆದು ನೋಡ್ತೀನಿ. ಹೊಸ ಕಂಪ್ರೆಸರ್ ತರಿಸ್ತೀನಿ. ಈ ಆರ್ಡರ್ ಹೋದ್ರೆ ಕೆಳಗೆ ಕೆಲಸ ಮಾಡ್ತಿರೋರೆಲ್ಲ ಮನೆಗೆ ಹೋಗ್ಬೇಕು. ನಿಮ್ಮಪ್ಪನ ವಯಸ್ಸಿನೋನು ನಾನು, ಕೇಳ್ಕೊಳ್ತಿದೀನಿ ಅಮ್ಮ.”

“ಕೈಯಲ್ಲಿ ಎಳೆದ್ರೆ ಗೊತ್ತಾಗುತ್ತಾ ಸರ್?”

ಭೀಮರಾಜ್ ಮೇಜಿನಿಂದ ಕೈ ತೆಗೆದರು. ಗೊತ್ತಾಗುವುದಿಲ್ಲವೆಂದು ಅವರಿಗೂ ತಿಳಿದಿತ್ತು. ಶಿವಮೂರ್ತಿಯ ಕೇಬಲ್ ಅವನನ್ನು ಗೊನೆಯವರೆಗೂ ಹತ್ತಿಸಿತ್ತು.

ಮೇಲ್ ತೆರೆದೇ ಇತ್ತು, ಸಂಘದ ವಿಳಾಸ ತುಂಬಿತ್ತು. ಕೆಳಗೆ ಪ್ರೆಸ್ಸು ನಾಲ್ಕು ಸಲ ಗಟ್ಟಿಯಾಗಿ ಬಿದ್ದು, ಒಂದು ಸಲ ಮೆತ್ತಗೆ ಬಿತ್ತು.

“ಇಲ್ಲ ಸರ್,” ಎಂದಳು ಇಂಪನಾ. “ನಾನು ಕಳಿಸಲ್ಲ.”